ಸೊಪ್ಪಿನಬೆಟ್ಟದ ಒಡೆತನ

ರಿಪ್ಪನ್‌ಪೇಟೆಯ ಆಸುಪಾಸಿನಲ್ಲಿ ಅಡಕೆ ತೋಟದ ಯಜಮಾನರೊಬ್ಬರನ್ನು ಅವರ ಸ್ವತ್ತಿನ ವಿವರ ಕೇಳಿದರೆ, ಅವರು ಮೊದಲು ತೋಟವನ್ನು, ಬಳಿಕ ಗದ್ದೆಯನ್ನು, ಆಮೇಲೆ ಮನೆಯ ಹಿತ್ತಿಲನ್ನು ಹೇಳಿ, ಕಟ್ಟಕಡೆಗೆ ತೋಟದ ಮೇಲ್ಬದಿಯಲ್ಲಿ ಹಸುರಾಗಿ ಏರಿಹೋಗಿರುವ ಗುಡ್ಡವನ್ನು ತೋರಿಸಿ, ಅದು ತಮ್ಮ ಸೊಪ್ಪಿನಬೆಟ್ಟವೆಂದು ಹೇಳುತ್ತಾರೆ. ಅದೇ ಗುಡ್ಡದ ಪಹಣಿಯನ್ನು ನಾಡಕಚೇರಿಯಿಂದ ತೆಗೆಯಿಸಿ ನೋಡಿದರೆ, ಒಡೆಯನ ಹೆಸರಿರಬೇಕಾದ ಸ್ಥಳದಲ್ಲಿ ಸರ್ಕಾರವೆಂದು ಬರೆದಿರುತ್ತದೆ. ತಲೆಮಾರುಗಳಿಂದ ಸೊಪ್ಪು ಕಡಿದು, ಬೇಸಗೆಯಲ್ಲಿ ಬೆಂಕಿ ಬೀಳದಂತೆ ಕಾದು, ಬೇಲಿಯ ಭದ್ರತೆಯನ್ನು ನೋಡಿಕೊಂಡು ಬಂದವರು ಒಬ್ಬರು; ಕಾಗದದ ಮೇಲೆ ಒಡೆತನವನ್ನು ಪಡೆದಿರುವವರು ಮತ್ತೊಬ್ಬರು. ಇವೆರಡರಲ್ಲಿ ಒಂದು ಸತ್ಯವಾಗಿ ಮತ್ತೊಂದು ಮಿಥ್ಯೆಯಾಗಿರಲೇಬೇಕೆಂದು ಭಾವಿಸುವವರು ನಮ್ಮ ಮಲೆನಾಡಿನ ನ್ಯಾಯವ್ಯವಸ್ಥೆಯ ಸ್ವಭಾವವನ್ನು ಅರಿತವರಲ್ಲ. ಎರಡೂ ಸತ್ಯವೇ, ಒಂದು ಒಂದು ಬಗೆಯ ಕಾನೂನಿನ ಪ್ರಕಾರ, ಮತ್ತೊಂದು ಮತ್ತೊಂದು ಬಗೆಯ ಕಾನೂನಿನ ಪ್ರಕಾರ, ಮತ್ತು ಈ ಎರಡು ಬಗೆಯ ಕಾನೂನುಗಳೂ ಇದೇ ಗುಡ್ಡದ ಮೇಲೆ, ಏಕಕಾಲದಲ್ಲಿ, ಚಲಾವಣೆಯಲ್ಲಿವೆ.

ಸೊಪ್ಪಿನಬೆಟ್ಟವೆಂದರೇನೆಂಬುದನ್ನು ಬಯಲುಸೀಮೆಯ ಓದುಗರಿಗಾಗಿ ಸ್ವಲ್ಪ ವಿವರಿಸಬೇಕು. ಮಲೆನಾಡಿನ ಅಡಕೆ ತೋಟವು ಎರಡು ಗುಡ್ಡಗಳ ನಡುವಣ ತಗ್ಗಿನಲ್ಲಿ, ನೀರಿನ ಸೆಲೆಯಿರುವ ಕಡೆ, ಅಟ್ಟಣೆಯಂತೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಲ್ಪಟ್ಟದ್ದು. ವರ್ಷದಲ್ಲಿ ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆಯು ಅಲ್ಲಿಯ ಮಣ್ಣಿನ ಸಾರವನ್ನು ತೊಳೆದುಕೊಂಡು ಹೋಗುತ್ತಿರುತ್ತದೆ. ಹೋದ ಸಾರವನ್ನು ಮರಳಿ ತಂದುಕೊಡುವುದು ಮೇಲಿನ ಗುಡ್ಡದ ಸೊಪ್ಪು. ಮತ್ತಿ, ಹೊನ್ನೆ, ನೇರಳೆ ಮೊದಲಾದ ಮರಗಳ ಅಡ್ಡಗೊಂಬೆಗಳನ್ನು ಸವರಿ, ನೆತ್ತಿಯ ಗೊಂಚಲನ್ನು ಮಾತ್ರ ಮರದ ಜೀವಕ್ಕಾಗಿ ಬಿಟ್ಟು, ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ತಂದ ಹಸಿಸೊಪ್ಪು ಮೊದಲು ಕೊಟ್ಟಿಗೆಯಲ್ಲಿ ದನಗಳ ಕಾಲಡಿಯ ಹಾಸಿಗೆಯಾಗುತ್ತದೆ. ಸಗಣಿ ಗಂಜಲಗಳೊಡನೆ ತುಳಿತಕ್ಕೆ ಸಿಕ್ಕಿ ಗೊಬ್ಬರದ ಗುಂಡಿಗೆ ಬೀಳುತ್ತದೆ. ಅಲ್ಲಿ ಕೊಳೆತು ಕರ್ರಗಾದ ಮೇಲೆ ಬುಟ್ಟಿಗಳಲ್ಲಿ ಅಡಕೆಮರದ ಬುಡಕ್ಕೆ ಬಂದು, ಅದರ ಮೇಲೆ ಮತ್ತೆ ಸೊಪ್ಪಿನ ಹೊದಿಕೆಯನ್ನು ಪಡೆಯುತ್ತದೆ. ಬೇಸಗೆಯಲ್ಲಿ ಉದುರಿದ ದರಗನ್ನು ಗುಡಿಸಿ ತರುವುದೂ ಇದರ ಮತ್ತೊಂದು ಅಂಗ. ಬೆಟ್ಟವಿಲ್ಲದ ತೋಟವು ಕೆಲವೇ ವರ್ಷಗಳಲ್ಲಿ ಸೊರಗುವುದೆಂಬುದು ಇಲ್ಲಿನ ಕೃಷಿಕರ ಅನುಭವ. ಆದಕಾರಣ ತೋಟವನ್ನು ಕ್ರಯಕ್ಕೆ ಕೊಡುವಾಗ, ಪಾಲು ಮಾಡಿಕೊಳ್ಳುವಾಗ, ಬೆಟ್ಟದ ಸೌಲಭ್ಯವು ತೋಟವನ್ನು ಬಿಟ್ಟು ಪ್ರತ್ಯೇಕವಾಗಿ ನಿಲ್ಲದೆ ಅದನ್ನೇ ಹಿಂಬಾಲಿಸಿ ಹೋಗುವ ಪದ್ಧತಿ ಏರ್ಪಟ್ಟಿತು. ಬೆಟ್ಟವನ್ನು ಉತ್ತು ಬಿತ್ತುವಂತಿಲ್ಲ, ಅಲ್ಲಿಯ ಮರಮಟ್ಟನ್ನು ಮಾರುವಂತಿಲ್ಲ; ಸೊಪ್ಪು, ದರಗು, ಮನೆಯ ಒಲೆಗೆ ಸೌದೆ, ಇಷ್ಟರ ಮಟ್ಟಿಗೆ ಆ ಹಕ್ಕು.

ಈ ಹಕ್ಕನ್ನು ಕೊಟ್ಟವರು ಯಾರು? ಇದಕ್ಕೆ ಉತ್ತರವನ್ನು ಹುಡುಕುವವರು ಹೊಸನಗರವನ್ನು ದಾಟಿ ಹಳೆಯ ನಗರದ ಕಡೆಗೆ, ಎಂದರೆ ಕೆಳದಿಯ ಅರಸರ ಕೊನೆಯ ರಾಜಧಾನಿಯಾಗಿದ್ದ ಬಿದನೂರಿನ ಕಡೆಗೆ, ತಿರುಗಬೇಕಾಗುತ್ತದೆ. 1645ರಿಂದ 1660ರ ವರೆಗೆ ಆಳಿದ ಶಿವಪ್ಪ ನಾಯಕನ ಹೆಸರಿನೊಡನೆ ಅಂಟಿಕೊಂಡೇ ಬರುವ ಶಿಸ್ತೆಂಬ ಭೂಕಂದಾಯದ ಏರ್ಪಾಡು, ಒಂದೇ ವರ್ಷದ ಬೆಳೆಯನ್ನು ನೋಡಿ ಗೊತ್ತುಮಾಡಿದ್ದಲ್ಲ. ಬೇರೆಬೇರೆ ತರಗತಿಯ ನೆಲವನ್ನು ಆರಿಸಿ, ಹನ್ನೆರಡು ವರ್ಷ ಕಾಲ ಅರಮನೆಯ ವೆಚ್ಚದಲ್ಲಿ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗಲಿದ ಖರ್ಚು, ಬಂದ ಫಸಲು, ಪೇಟೆಯ ಧಾರಣೆ ಇವುಗಳ ಲೆಕ್ಕವಿಟ್ಟು, ಅವುಗಳ ಸರಾಸರಿಯನ್ನು ತೆಗೆದು, ಉತ್ಪನ್ನದ ಮೂರನೆಯ ಒಂದು ಪಾಲನ್ನು ಅರಮನೆಗೆ ಸಲ್ಲತಕ್ಕದ್ದೆಂದು ನಿಷ್ಕರ್ಷಿಸಿದ ಕ್ರಮವದು. ಗದ್ದೆಗೆ ಅನುಸರಿಸಿದ ಮಾನವನ್ನು ತೋಟಕ್ಕೆ ಅನುಸರಿಸದೆ, ಅಡಕೆ ತೋಟವನ್ನು ಸಾವಿರ ಮರಗಳ ಲೆಕ್ಕದಿಂದ ಅಳೆದದ್ದು ಆ ವ್ಯವಸ್ಥೆಯ ವಿವೇಕಕ್ಕೆ ಸಾಕ್ಷಿ. ತೋಟದ ಮೇಲೆ ಅಷ್ಟು ತೆರಿಗೆಯನ್ನು ಹೊರಿಸಬೇಕಾದರೆ ತೋಟ ಬದುಕಿರಬೇಕು, ತೋಟ ಬದುಕಿರಬೇಕಾದರೆ ಬೆಟ್ಟದ ಸೊಪ್ಪು ದೊರೆಯಬೇಕು ಎಂಬ ನ್ಯಾಯವು ಯಾವ ತಾಮ್ರಪಟದ ಅಪೇಕ್ಷೆಯೂ ಇಲ್ಲದೆ ಊರೂರಿನಲ್ಲಿ ಬೇರೂರಿತು.

ಕೆಳದಿಯ ರಾಜ್ಯವು ಘಟ್ಟದ ಮೇಲಕ್ಕೂ ಕೆಳಕ್ಕೂ ಹಬ್ಬಿದ್ದಿತು. ಸಾಗರ, ತೀರ್ಥಹಳ್ಳಿಗಳ ತೋಟಗಳೂ ಕುಂದಾಪುರ, ಹೊನ್ನಾವರಗಳ ಬಂದರುಗಳೂ ಒಂದೇ ಅರಮನೆಯ ಆಜ್ಞೆಯನ್ನು ಕೇಳುತ್ತಿದ್ದುವು. 1763ರಲ್ಲಿ ಬಿದನೂರು ಹೈದರನ ವಶವಾಗಿ, 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ, ಆ ನಾಡು ಎರಡಾಯಿತು: ಘಟ್ಟದ ಮೇಲಿನದು ಮೈಸೂರಿನ ಒಡೆಯರಿಗೆ, ಕೆಳಗಿನ ಕನ್ನಡ ಜಿಲ್ಲೆ ಕಂಪೆನಿ ಸರ್ಕಾರಕ್ಕೆ. ಕರಾವಳಿಗೆ ಮೊದಲ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ, ಅಲ್ಲಿಯ ಭೂಮಿ ರೈತರ ಖಾಸಗಿ ಸ್ವತ್ತೇ ಎಂಬುದನ್ನು ಕಂಡು, ಹಾಗೆಂದೇ ಮೇಲಿನವರಿಗೆ ಬರೆದನು. 1862ರಲ್ಲಿ ಉತ್ತರದ ಭಾಗವನ್ನು ಮದರಾಸಿನಿಂದ ಕಿತ್ತು ಮುಂಬಯಿಗೆ ಸೇರಿಸಿದಾಗ, ಎರಡಾಗಿದ್ದುದು ಮೂರಾಯಿತು. ಅಂದಿನಿಂದ ಸುಮಾರು ಒಂದು ಶತಮಾನದ ಕಾಲ ರಿಪ್ಪನ್‌ಪೇಟೆಯ ನಾಲ್ಕುದಾರಿಯಲ್ಲಿ ನಿಂತವನು ಒಂದು ವಿಚಿತ್ರವಾದ ಸಂಧಿಸ್ಥಾನದ ಸಮೀಪದಲ್ಲಿದ್ದನು. ಸಾಗರದ ದಾರಿಯಲ್ಲಿ ಮುಂದುವರಿದು ತಾಳಗುಪ್ಪವನ್ನು ದಾಟಿದರೆ ಸಿದ್ದಾಪುರ, ಅಲ್ಲಿ ಮುಂಬಯಿಯ ಕಾನೂನು. ಹೊಸನಗರ, ನಗರಗಳ ಮೇಲಾಗಿ ಹುಲಿಕಲ್ಲಿನ ಘಟ್ಟವನ್ನು ಇಳಿದರೆ ಕುಂದಾಪುರದ ಸೀಮೆ, ಅಲ್ಲಿ ಮದರಾಸಿನ ಕಾನೂನು. ನಿಂತ ನೆಲದಲ್ಲಿ ಮೈಸೂರಿನ ಕಾನೂನು. ಒಂದೇ ಮಳೆ, ಒಂದೇ ಅಡಕೆ, ಬಹುಮಟ್ಟಿಗೆ ಒಂದೇ ಮಾತು. ಆದರೆ ಕುಂದಾಪುರದ ವ್ಯಾಜ್ಯವು ಮದರಾಸಿನ ಹೈಕೋರ್ಟನ್ನು ಹಾಯ್ದು ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೂ ಹೋಗಬಹುದಾಗಿದ್ದರೆ, ಸಾಗರದ ವ್ಯಾಜ್ಯವು ಬೆಂಗಳೂರನ್ನು ದಾಟಿ ಸಮುದ್ರವನ್ನು ಕಾಣುವಂತಿರಲಿಲ್ಲ.

ಮೈಸೂರಿನ ಕಾನೂನಾದರೂ ಒಂದೇ ಮೂಲದ್ದಾಗಿತ್ತೆ? ಅದೂ ಅಲ್ಲ. 1831ರಿಂದ ಐವತ್ತು ವರ್ಷ ನಾಡನ್ನಾಳಿದ ಕಮಿಷನರುಗಳ ಕಾಲದಲ್ಲಿಯೇ ಮುಂಬಯಿಯ ಸರ್ವೆಯ ಪದ್ಧತಿ ಇಲ್ಲಿಗೆ ಬಂದಿತು. 1888ರ ಮೈಸೂರು ಭೂಕಂದಾಯ ಸಂಹಿತೆಯು 1879ರ ಮುಂಬಯಿಯ ಸಂಹಿತೆಯನ್ನು ಮಾದರಿಯಾಗಿ ಇಟ್ಟುಕೊಂಡಿತು. ಹೀಗೆ ಹೊಸನಗರದ ರೈತನ ಜಮೀನು ಅಳತೆಯಲ್ಲಿ ಮುಂಬಯಿಯದು, ವಂಶಪಾರಂಪರ್ಯದ ಹಕ್ಕಿನಲ್ಲಿ ಮಿತಾಕ್ಷರೆಯೆಂಬ ಹಿಂದೂ ಧರ್ಮಶಾಸ್ತ್ರದ್ದು, ಸೊಪ್ಪಿನ ವಿಷಯದಲ್ಲಿ ಕೆಳದಿಯ ಕಾಲದ ಆಚಾರದ್ದು, ಇವೆಲ್ಲಕ್ಕೂ ಒಪ್ಪಿಗೆಯ ಮುದ್ರೆ ಮಾತ್ರ ಮೈಸೂರಿನದು.

ಇಂಥ ಮಿಶ್ರ ನ್ಯಾಯವ್ಯವಸ್ಥೆ ನಮ್ಮಲ್ಲಿ ಮಾತ್ರವೇ ಹುಟ್ಟಿದ ಸಂಗತಿಯೆಂದು ತಿಳಿಯಬಾರದು. ಇಂಗ್ಲೆಂಡು ಫ್ರಾನ್ಸುಗಳ ನಡುವಣ ಕಡಲಿನಲ್ಲಿ ಜೆರ್ಸಿ ಎಂಬ ದ್ವೀಪವೊಂದುಂಟು. ಅದರ ವಿಸ್ತೀರ್ಣ ಸುಮಾರು 118 ಚದರ ಕಿಲೋಮೀಟರು, ಎಂದರೆ ನಮ್ಮ ಹೊಸನಗರ ತಾಲೂಕಿನ ಹತ್ತನೆಯ ಒಂದು ಪಾಲಿಗೂ ಕಡಮೆ. ಒಂದು ಕಾಲದಲ್ಲಿ ನಾರ್ಮಂಡಿಯ ಸಂಸ್ಥಾನಕ್ಕೆ ಸೇರಿದ್ದ ಈ ದ್ವೀಪ, 1204ರಲ್ಲಿ ಇಂಗ್ಲೆಂಡಿನ ಅರಸ ಜಾನನು ನಾರ್ಮಂಡಿಯ ನೆಲವನ್ನು ಫ್ರೆಂಚರಿಗೆ ಸೋತಾಗ, ಅರಸನ ಪಕ್ಷದಲ್ಲಿಯೇ ಉಳಿಯಿತು. ಆ ನಿಷ್ಠೆಗೆ ಪ್ರತಿಯಾಗಿ ತನ್ನ ಹಳೆಯ ನಾರ್ಮನ್ ಆಚಾರಗಳನ್ನೂ ತನ್ನದೇ ನ್ಯಾಯಾಲಯವನ್ನೂ ಉಳಿಸಿಕೊಂಡಿತು. ಇಂದಿಗೂ ಅದು ಬ್ರಿಟನ್ನಿನ ಭಾಗವಲ್ಲ. ರಾಜಮಕುಟದ ಅಧೀನದಲ್ಲಿದ್ದು, ತನ್ನ ಶಾಸನಸಭೆಯನ್ನೂ ತನ್ನ ತೆರಿಗೆಯನ್ನೂ ತಾನೇ ನಡೆಸಿಕೊಳ್ಳುತ್ತದೆ. ಅಲ್ಲಿಯ ಭೂಮಿಯ ಕಾನೂನು ನಾರ್ಮನ್ ಆಚಾರದಿಂದ ಬಂದದ್ದು, ಅಪರಾಧ ಮತ್ತು ವ್ಯಾಪಾರಗಳ ಕಾನೂನು ಬಹುಮಟ್ಟಿಗೆ ಇಂಗ್ಲೆಂಡಿನ ಪ್ರಭಾವಕ್ಕೆ ಒಳಗಾದದ್ದು, ಇವೆರಡರ ನಡುವೆ ದ್ವೀಪದವರು ತಾವೇ ಮಾಡಿಕೊಂಡ ಶಾಸನಗಳು. ಮನೆ ಹೊಲಗಳ ಕ್ರಯವು ಅಲ್ಲಿ ಇಂದಿಗೂ ಶುಕ್ರವಾರದ ದಿನ ರಾಯಲ್ ಕೋರ್ಟಿನ ಮುಂದೆ ಪ್ರಮಾಣ ಮಾಡಿದಲ್ಲದೆ ಪೂರ್ತಿಯಾಗುವುದಿಲ್ಲ.

ಆ ದ್ವೀಪದ ಕೃಷಿಕರ ಎರಡು ಆಚಾರಗಳು ಮಲೆನಾಡಿಗನ ಮನಸ್ಸನ್ನು ವಿಶೇಷವಾಗಿ ಸೆಳೆಯುತ್ತವೆ. ಮೊದಲನೆಯದು ಕಡಲ ಸೊಪ್ಪಿನದು. ಇಳಿತದ ಸಮಯದಲ್ಲಿ ಬಂಡೆಗಳಿಗೆ ಅಂಟಿಕೊಂಡು ಬೆಳೆಯುವ ಕಡಲ ಸೊಪ್ಪನ್ನು ಕತ್ತರಿಸಿ ತಂದು ಹೊಲಕ್ಕೆ ಗೊಬ್ಬರವಾಗಿ ಹಾಕುವುದು ಅಲ್ಲಿಯ ಪ್ರಾಚೀನ ರೂಢಿ. ಬಂಡೆಯಿಂದ ಕೊಯ್ಯುವ ಸೊಪ್ಪಿಗೆ ಒಂದು ನಿಯಮ, ಅಲೆಗಳೇ ತಂದು ದಡಕ್ಕೆಸೆದ ಸೊಪ್ಪಿಗೆ ಮತ್ತೊಂದು ನಿಯಮ. ಕೊಯ್ಲಿಗೆ ಇಂಥದೇ ಋತುವೆಂಬ ಕಟ್ಟಳೆ. ಕಡಲು ಯಾರ ಸ್ವತ್ತೂ ಅಲ್ಲದಿದ್ದರೂ, ಆ ಸೊಪ್ಪಿಲ್ಲದೆ ಹೊಲ ಬದುಕುವಂತಿರಲಿಲ್ಲವಾದ್ದರಿಂದ, ಹೊಲದವನಿಗೆ ಕಡಲಿನ ಮೇಲೊಂದು ಹಕ್ಕು ಬಂದಿತು. ನಮ್ಮ ತೋಟದವನಿಗೆ ಬೆಟ್ಟದ ಮೇಲೆ ಬಂದ ಹಕ್ಕೂ ಇದೇ ಕಾರಣದಿಂದ ಬಂದದ್ದು. ಸಾವಿರಾರು ಮೈಲಿ ದೂರದ ಎರಡು ಜನಾಂಗಗಳು ಒಂದನ್ನೊಂದು ಅರಿಯದೆಯೇ ಒಂದೇ ನ್ಯಾಯವನ್ನು ಕಂಡುಕೊಂಡ ಈ ಸಂಗತಿಯನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಶಾಸ್ತ್ರಗ್ರಂಥಗಳಲ್ಲಿ ಬರೆದ ಕಾನೂನಿಗಿಂತ ಮೊದಲು, ಮಣ್ಣಿನ ಅಗತ್ಯವು ಬರೆಸಿದ ಕಾನೂನೊಂದು ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಪ್ರಬಲವಾದ ನಿದರ್ಶನವು ನನಗೆ ತಿಳಿದಿಲ್ಲ.

ಎರಡನೆಯದು 'ಹರೋ' ಎಂಬ ಮೊರೆ. ತನ್ನ ನೆಲವನ್ನು ಯಾರಾದರೂ ಅತಿಕ್ರಮಿಸುತ್ತಿರುವುದನ್ನು ಕಂಡ ಜೆರ್ಸಿಯ ನಿವಾಸಿಯು, ಅದೇ ಸ್ಥಳದಲ್ಲಿ, ಸಾಕ್ಷಿಗಳ ಎದುರಿಗೆ, ಮಂಡಿಯೂರಿ, ಮೂರು ಬಾರಿ ಆ ಮೊರೆಯನ್ನಿಟ್ಟು, ತನಗೆ ಅನ್ಯಾಯವಾಗುತ್ತಿದೆಯೆಂದು ಪ್ರಭುವಿನ ನೆರವನ್ನು ಬೇಡಿದರೆ, ಎದುರಿನವನು ಆ ಕ್ಷಣದಲ್ಲಿಯೇ ಕೆಲಸವನ್ನು ನಿಲ್ಲಿಸತಕ್ಕದ್ದು. ಮುಂದಿನದನ್ನು ನ್ಯಾಯಾಲಯ ತೀರ್ಮಾನಿಸುತ್ತದೆ. ಸುಳ್ಳು ಮೊರೆಗೆ ದಂಡವುಂಟು. ವಕೀಲನಿಲ್ಲದೆ, ಕಾಗದವಿಲ್ಲದೆ, ಬರಿಯ ಕಂಠದಿಂದ ತಡೆಯಾಜ್ಞೆಯನ್ನು ಪಡೆಯುವ ಈ ಉಪಾಯಕ್ಕೆ ಸಮಾನವಾದದ್ದು ನಮ್ಮ ಕಡೆಯೂ ಉಂಟು. ಸಾಗರ, ಹೊಸನಗರಗಳ ರಸ್ತೆಯಲ್ಲಿ ಹೋಗುವವರು ತೋಟದ ಬೇಲಿಯ ಮೇಲೂ ಖಾಲಿ ನಿವೇಶನದ ಕಂಬದ ಮೇಲೂ ಸಿಗಂದೂರಿನ ಚೌಡೇಶ್ವರಿಯ ಕಾವಲಿದೆಯೆಂದು ಸಾರುವ ಫಲಕಗಳನ್ನು ನೋಡಿಯೇ ಇರುತ್ತಾರೆ. ಘಟ್ಟದ ಕೆಳಗಿನವರು ಧರ್ಮಸ್ಥಳದ ಮಂಜುನಾಥನ ಆಣೆಯಿಡುತ್ತಾರೆ. ಅಲ್ಲಿಯ ಧರ್ಮಾಧಿಕಾರಿಗಳಾದ ಹೆಗ್ಗಡೆಯವರ ಎದುರಿಗೆ ಹೊಯ್ಲು, ಎಂದರೆ ದೂರು, ಒಯ್ದು ಅವರು ಹೇಳಿದ್ದಕ್ಕೆ ತಲೆಬಾಗುತ್ತಾರೆ. ನ್ಯಾಯಾಲಯವು ಇಂಥ ಆಣೆಗೆ ಡಿಕ್ರಿಯ ಬೆಲೆಯನ್ನು ಕೊಡದಿರಬಹುದು. ಆದರೆ ಮುನ್ಸೀಫರ ತಡೆಯಾಜ್ಞೆಯನ್ನು ಲೆಕ್ಕಿಸದವನೂ ಆ ಫಲಕವಿರುವ ಬೇಲಿಯನ್ನು ಮುರಿಯಲು ಹಿಂಜರಿಯುವನೆಂಬುದನ್ನು ಇಲ್ಲಿ ಬಾಳಿದವರೆಲ್ಲ ಬಲ್ಲರು. ಇದನ್ನು ಮೂಢನಂಬಿಕೆಯೆಂದು ಬದಿಗೊತ್ತುವುದು ಸುಲಭ. ಕೋರ್ಟಿನ ಮೆಟ್ಟಿಲನ್ನು ಹತ್ತುವುದಕ್ಕೆ ಬೇಕಾದ ಹಣವೂ ಆಯುಸ್ಸೂ ಇಲ್ಲದ ಬಡವನಿಗೆ ಸುಲಭವಾಗಿ ಎಟುಕುವ ನ್ಯಾಯಸ್ಥಾನ ಅದೊಂದೇ ಎಂಬುದನ್ನು ನೆನೆದರೆ ಹಾಗೆ ಬದಿಗೊತ್ತಲು ನನಗೆ ಮನಸ್ಸು ಬರುವುದಿಲ್ಲ.

1956ರ ನವೆಂಬರ್ 1ರಂದು ಕನ್ನಡನಾಡು ಒಂದಾದಾಗ, ಕಾನೂನುಗಳು ಒಂದಾಗಲಿಲ್ಲ. ರಾಜ್ಯ ಪುನರ್ವಿಂಗಡಣೆಯ ಅಧಿನಿಯಮದ 119ನೆಯ ಕಲಮು, ಬದಲಾಯಿಸುವವರೆಗೆ ಆಯಾ ಪ್ರದೇಶದಲ್ಲಿ ಆಯಾ ಹಳೆಯ ಕಾನೂನೇ ನಡೆಯತಕ್ಕದ್ದೆಂದು ವಿಧಿಸಿತು. ಇದು ಸಮಂಜಸವೇ ಆಗಿತ್ತು, ಏಕೆಂದರೆ ಐದು ಕಡೆಗಳಿಂದ ಬಂದು ಕೂಡಿದ ಜನರ ಬಾಳುವೆಯನ್ನು ಒಂದೇ ರಾತ್ರಿಯಲ್ಲಿ ಒಂದೇ ಅಚ್ಚಿಗೆ ಒತ್ತುವುದು ನ್ಯಾಯವೂ ಅಲ್ಲ, ಸಾಧ್ಯವೂ ಅಲ್ಲ. ಮೈಸೂರು ಪ್ರದೇಶ, ಮುಂಬಯಿ ಪ್ರದೇಶ, ಮದರಾಸು ಪ್ರದೇಶ, ಹೈದರಾಬಾದ್ ಪ್ರದೇಶ, ಕೊಡಗು ಜಿಲ್ಲೆ ಎಂಬ ವಿಭಾಗಗಳು ನಮ್ಮ ಶಾಸನಗಳ ಭಾಷೆಯಲ್ಲಿ ಬಹುಕಾಲ ಉಳಿದುವು. ಕಂದಾಯದ ಮಟ್ಟಿಗೆ ಏಕರೂಪದ ಶಾಸನ ಬಂದದ್ದು 1964ರಲ್ಲಿ. ಆ ಭೂಕಂದಾಯ ಅಧಿನಿಯಮದ 79ನೆಯ ಕಲಮಿನ ಎರಡನೆಯ ಉಪಕಲಮನ್ನು ಮಲೆನಾಡಿನ ಪ್ರತಿಯೊಂದು ಮನೆಯವರೂ ಓದಬೇಕೆಂದು ನಾನು ಅಪೇಕ್ಷಿಸುತ್ತೇನೆ. ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾಣೆಗಳು, ಉತ್ತರ ಕನ್ನಡದ ಬೆಟ್ಟ ಮತ್ತು ಹಾಡಿಗಳು, ಮೈಸೂರು ಪ್ರದೇಶದ ಕಾನು ಮತ್ತು ಸೊಪ್ಪಿನಬೆಟ್ಟಗಳು, ಕೊಡಗಿನ ಜಮ್ಮಾ ಮತ್ತು ಬಾಣೆಗಳು, ಹೈದರಾಬಾದ್ ಪ್ರದೇಶದ ಮೋಟಸ್ಥಲದ ತರಿಗಳು, ಇವುಗಳಲ್ಲಿ ಆಚಾರದಿಂದಾಗಲಿ ಆಜ್ಞೆಯಿಂದಾಗಲಿ ಜನರು ಅನುಭವಿಸಿಕೊಂಡು ಬಂದಿರುವ ಸೌಲಭ್ಯಗಳು ಮುಂದುವರಿಯತಕ್ಕದ್ದೆಂದು ಅದು ಹೇಳುತ್ತದೆ. ಐದು ರಾಜ್ಯಗಳ ಆಚಾರಗಳನ್ನು ಒಂದೇ ವಾಕ್ಯದಲ್ಲಿ, ಅವುಗಳ ಊರಿನ ಹೆಸರುಗಳಿಂದಲೇ ಕರೆದು, ಏಕರೂಪದ ಶಾಸನದ ಮಡಿಲಲ್ಲಿ ಕುಳ್ಳಿರಿಸಿದ ಆ ಕರಡಿನ ಕರ್ತೃಗಳನ್ನು ನಾನು ಗೌರವದಿಂದ ಸ್ಮರಿಸುತ್ತೇನೆ.

ಹೆಸರುಗಳು ಬೇರೆಯಾದಂತೆ ಪ್ರಮಾಣಗಳೂ ಬೇರೆ. ಸಿರಸಿ, ಸಿದ್ದಾಪುರಗಳ ಕಡೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟವನ್ನು ಗೊತ್ತುಮಾಡಿದ್ದುಂಟು. ಕರಾವಳಿಯ ಕುಮ್ಕಿಯಾದರೋ ವರ್ಗದ ಜಮೀನಿನ, ಎಂದರೆ ಕಂದಾಯ ತೆರುವ ಹಿಡುವಳಿಯ, ಮೇರೆಯಿಂದ ನೂರು ಗಜದ ಅಳತೆಗೆ ಸೀಮಿತವಾದದ್ದು. ನಮ್ಮ ಕಡೆಯ ಕಾನುಗಳ ಇತಿಹಾಸವಂತೂ ಪ್ರತ್ಯೇಕವಾದ ಒಂದು ಲೇಖನಕ್ಕೆ ಸಾಕು. ಸೊರಬದ ಕಾನುಗಳನ್ನು ಕುರಿತು 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ವರದಿಯನ್ನೇ ಬರೆದರು. ನಿತ್ಯಹರಿದ್ವರ್ಣದ ಆ ಕಾಡುಗಳಲ್ಲಿ ಹಬ್ಬಿದ ಮೆಣಸಿನ ಬಳ್ಳಿಗೆ ತೆರಿಗೆಯನ್ನು ಕೊಟ್ಟು, ಊರಿನ ಕುಟುಂಬಗಳು ಅವನ್ನು ಕಾಪಾಡಿಕೊಂಡು ಬಂದಿದ್ದುವು. ಇಷ್ಟಾದರೂ ಒಂದು ಮಾತನ್ನು ಓದುಗರು ಚೆನ್ನಾಗಿ ನೆನಪಿಡಬೇಕು: ಈ ಉಪಕಲಮು ಕೊಡುವುದು ಸೌಲಭ್ಯವನ್ನೇ ಹೊರತು ಒಡೆತನವನ್ನಲ್ಲ. ನೆಲ ಸರ್ಕಾರದ್ದು, ಸೊಪ್ಪು ತೋಟದವನದು. ಬೆಟ್ಟವನ್ನು ಕಡಿದು ಅಡಕೆಯನ್ನೋ ರಬ್ಬರನ್ನೋ ಹಾಕಿದವನು ಯಾವ ಆಚಾರದ ಆಧಾರದ ಮೇಲೆ ನಿಂತಿದ್ದನೋ ಆ ಆಚಾರವನ್ನು ತಾನೇ ಕೈಯಾರೆ ಕೆಡವಿದವನಾಗುತ್ತಾನೆ.

ಮನೆಯೊಳಗಿನ ಆಸ್ತಿಯ ವಿಷಯದಲ್ಲಿ ಘಟ್ಟದ ಮೇಲಣ ಮತ್ತು ಕೆಳಗಣ ಭೇದ ಇನ್ನೂ ಆಳವಾಗಿದ್ದಿತು. ಕೆಳಗೆ ಹಲವು ಸಮುದಾಯಗಳಲ್ಲಿ ಅಳಿಯಸಂತಾನದ ಕಟ್ಟು. ಆಸ್ತಿಯು ತಾಯಿಯ ಸಂತತಿಯಲ್ಲಿ ಇಳಿಯುವುದು, ಯಜಮಾನನ ಬಳಿಕ ಅವನ ಮಗನಲ್ಲ, ಸೋದರಳಿಯನೇ ಅಧಿಕಾರಸ್ಥನಾಗುವುದು. 1949ರ ಮದರಾಸು ಅಧಿನಿಯಮವು ಕವರುಗಳಿಗೆ, ಎಂದರೆ ತಾಯಿಯ ಕಡೆಯ ಕವಲುಗಳಿಗೆ, ವಿಭಾಗದ ಹಕ್ಕನ್ನು ಕೊಡುವವರೆಗೆ ಅಲ್ಲಿಯ ಕುಟುಂಬದ ಸ್ವತ್ತು ಒಡೆಯದೆ ನಿಂತಿತ್ತು. ಮೇಲೆ ಮಿತಾಕ್ಷರೆ, ಆದರೆ ಮೈಸೂರು ಅದನ್ನು ಇದ್ದಂತೆಯೇ ಇರಗೊಡಲಿಲ್ಲ. 1933ರಲ್ಲಿಯೇ, ಬ್ರಿಟಿಷ್ ಇಂಡಿಯದಲ್ಲಿ ಇಂಥ ಶಾಸನ ಬರುವುದಕ್ಕೆ ನಾಲ್ಕು ವರ್ಷ ಮೊದಲು, ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವನ್ನು ಮಾಡಿ, ಪಾಲಿನ ಕಾಲದಲ್ಲಿ ತಾಯಿಗೂ ವಿಧವೆಗೂ ಭಾಗವನ್ನು, ಮದುವೆಯಾಗದ ಮಗಳಿಗೆ ಸಹೋದರನ ಪಾಲಿನ ನಾಲ್ಕನೆಯ ಒಂದಂಶವನ್ನು ಕೊಡಿಸಿತು. ಇಂದಿನ ಕಣ್ಣಿಗೆ ನಾಲ್ಕನೆಯ ಒಂದಂಶವು ಅಲ್ಪವಾಗಿ ತೋರಬಹುದು. ಶೂನ್ಯದಿಂದ ಅಲ್ಲಿಗೆ ಬಂದ ದೂರವೇ ದೊಡ್ಡದು. ಕರ್ನಾಟಕವು ತನ್ನ ತಿದ್ದುಪಡಿಯಿಂದ 1994ರಲ್ಲಿ ಮಗಳಿಗೆ ಹುಟ್ಟಿನಿಂದಲೇ ಸಮಪಾಲನ್ನು ಕೊಟ್ಟಿತು, ಇಡೀ ದೇಶ 2005ರಲ್ಲಿ ಅದನ್ನು ಅನುಸರಿಸಿತು.

ಇಲ್ಲಿಯವರೆಗೆ ನಾನು ಬರೆದದ್ದೆಲ್ಲ ತೋಟ ಉಳ್ಳವರ ಕಥೆ. ಬೆಟ್ಟಕ್ಕೆ ಹೋಗಿ ಸೊಪ್ಪನ್ನು ಕಡಿದು ಹೊತ್ತು ತಂದ ತಲೆಗಳು ಬಹುಪಾಲು ತೋಟದ ಯಜಮಾನರವಾಗಿರಲಿಲ್ಲ. ಅವು ಗೇಣಿದಾರರ, ಕೂಲಿಯವರ ತಲೆಗಳು. 79ನೆಯ ಕಲಮಿನ ಆ ಉದಾರವಾದ ವಾಕ್ಯದಲ್ಲಿ ಅವರಿಗೆ ಸ್ಥಾನವಿಲ್ಲ, ಏಕೆಂದರೆ ಅಲ್ಲಿಯ ಸೌಲಭ್ಯವೆಲ್ಲ ಜಮೀನಿಗೆ ಅಂಟಿದ್ದು. ಜಮೀನಿಲ್ಲದವನಿಗೆ ಬೆಟ್ಟವೂ ಇಲ್ಲ. ಒಡೆಯರ ಆಚಾರಗಳು ಹೆಸರು ಪಡೆದು ಶಾಸನವನ್ನು ಸೇರಿದುವು. ದುಡಿಯುವವರ ಆಚಾರಗಳು ಹೆಸರಿಲ್ಲದೆ ಹೊರಗುಳಿದುವು. ಮಿಶ್ರ ನ್ಯಾಯವ್ಯವಸ್ಥೆಯನ್ನು ಹೊಗಳುವವರು ಈ ಲೋಪವನ್ನು ಮರೆಯಲಾಗದು. ಜೆರ್ಸಿಯ ಪ್ರಾಚೀನ ಆಚಾರಗಳಾದರೂ ಜಹಗೀರುದಾರರ ಮರ್ಯಾದೆಗಳನ್ನೇ ಮೊದಲು ಕಾಪಾಡಿದುವು.

ಹೊರಗುಳಿದವರು ಸುಮ್ಮನಿರಲಿಲ್ಲ. ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಸತ್ಯಾಗ್ರಹವು ಹುಟ್ಟಿದ್ದು ಒಂದು ಕೊಳಗದಿಂದ. ಕಣದಲ್ಲಿ ಗೇಣಿಯ ಬತ್ತವನ್ನು ಅಳೆದುಕೊಳ್ಳುವಾಗ ಒಡೆಯರು ನಿಗದಿಯ ಅಳತೆಗಿಂತ ಹಿರಿದಾದ ಕೊಳಗವನ್ನು ತರುವುದು ರೂಢಿಯಾಗಿಬಿಟ್ಟಿತ್ತು. ಬೆಳೆದವನ ಕಣ್ಣೆದುರಿನಲ್ಲಿಯೇ, ಎಣಿಕೆ ತಪ್ಪದಂತೆ, ಕೊಳಗಕ್ಕೆ ಇಷ್ಟಿಷ್ಟೆಂದು ಅವನ ಅನ್ನ ಕಡಮೆಯಾಗುತ್ತಿತ್ತು. ದೀವರ ಸಮುದಾಯದ ಗೇಣಿದಾರರು ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಅದನ್ನು ಪ್ರತಿಭಟಿಸಿದರು. ಗೇಣಿಯ ಜಮೀನಿಗೆ ಇಳಿದು ಉಳುವುದನ್ನೇ ಸತ್ಯಾಗ್ರಹವನ್ನಾಗಿ ಮಾಡಿದರು. ತೀರ್ಥಹಳ್ಳಿಯ ಸೀಮೆಯಿಂದ ಶಾಂತವೇರಿ ಗೋಪಾಲಗೌಡರು ಬಂದು ಕೂಡಿಕೊಂಡರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ತೀರ್ಥಹಳ್ಳಿಯವರೇ ಆದ ಕಡಿದಾಳ್ ಮಂಜಪ್ಪನವರು ಕಂದಾಯದ ಮಂತ್ರಿಗಳಾಗಿ ಗೇಣಿದಾರರ ರಕ್ಷಣೆಯ ಮತ್ತು ಇನಾಂ ರದ್ದತಿಯ ಶಾಸನಗಳನ್ನು ತಂದರು. ಕೊನೆಗೆ, ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಗೇಣಿಯ ಜಮೀನನ್ನೆಲ್ಲ ಸರ್ಕಾರಕ್ಕೆ ವಶಪಡಿಸಿಕೊಂಡು, ಉಳುವವನಿಗೆ ಕೊಡುವ ಏರ್ಪಾಡನ್ನು ಮಾಡಿತು.

ಗೇಣಿದಾರರ ಅರ್ಜಿಗಳನ್ನು ತೀರ್ಮಾನಿಸಲು ಆ ತಿದ್ದುಪಡಿಯು ಏರ್ಪಡಿಸಿದ ಭೂನ್ಯಾಯಮಂಡಳಿಗಳ ರಚನೆಯಲ್ಲಿ ಒಂದು ವಿಶೇಷವಿದ್ದಿತು. ಏಳನೆಯ ನಮೂನೆಯ ಅರ್ಜಿಯನ್ನು ಹಿಡಿದು ಬಂದ ಗೇಣಿದಾರನು ಅಲ್ಲಿ ತಾನೇ ಬಾಯಿಬಿಟ್ಟು ಮಾತನಾಡಬೇಕಾಗಿತ್ತು, ಒಡೆಯನೂ ಅಷ್ಟೆ. ವಕೀಲರಿಗೆ ಪ್ರವೇಶವಿರಲಿಲ್ಲ. ಗೇಣಿ ಚೀಟಿಯನ್ನು ಜನ್ಮದಲ್ಲಿ ಕಾಣದ ರೈತನು, ಯಾವ ಅಂಚಿನಲ್ಲಿ ನೀರು ಒಡೆಯುತ್ತದೆ, ಯಾವ ಬದುವಿನ ಹಲಸಿನ ಮರವನ್ನು ಯಾರಪ್ಪ ನೆಟ್ಟರು ಎಂಬುದನ್ನು ಹೇಳಿ ತನ್ನ ಸಾಗುವಳಿಯನ್ನು ಸ್ಥಾಪಿಸುವ ಅವಕಾಶ ಅಲ್ಲಿದ್ದಿತು. ನೆರೆಹೊರೆಯವರ ಬಾಯಿಮಾತು ದಸ್ತಾವೇಜಿನ ಎದುರಿಗೆ ತಲೆಯೆತ್ತಿ ನಿಲ್ಲಬಹುದಾಗಿತ್ತು. ವಕೀಲರನ್ನು ಹೊರಗಿಟ್ಟ ಆ ನಿಯಮವು ಕೇಂದ್ರದ ಶಾಸನಕ್ಕೆ ವಿರುದ್ಧವೆಂದು 1987ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಕಾನೂನಿನ ತರ್ಕದಿಂದ ಆ ತೀರ್ಪು ಸರಿಯಾದದ್ದೇ ಇರಬಹುದು. ಬಡವನು ತನ್ನ ಮಾತಿನಲ್ಲಿಯೇ ತನ್ನ ಹಕ್ಕನ್ನು ಹೇಳಿಕೊಳ್ಳುವ ಒಂದು ಸಭೆ ನಮ್ಮಲ್ಲಿ ಕೆಲಕಾಲ ನಡೆದಿತ್ತೆಂಬುದನ್ನಾದರೂ ನಾವು ನೆನೆಯತಕ್ಕದ್ದು.

ಇವೆಲ್ಲದರ ಮೇಲೆ, ಕಳೆದ ಕೆಲವು ದಶಕಗಳಲ್ಲಿ, ಅರಣ್ಯದ ಕಾನೂನು ಬಂದು ಕವಿದಿದೆ. 1900ರ ಮೈಸೂರಿನ ಅರಣ್ಯ ಶಾಸನ, 1963ರ ಕರ್ನಾಟಕದ ಶಾಸನ, 1980ರ ಕೇಂದ್ರ ಶಾಸನ ಇವುಗಳ ಅನಂತರ, 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಗೋದವರ್ಮನ್ ಪ್ರಕರಣದಲ್ಲಿ, ನಿಘಂಟಿನ ಅರ್ಥದಲ್ಲಿ ಕಾಡಾಗಿರುವುದೆಲ್ಲ, ಒಡೆಯನು ಯಾರೇ ಆಗಿರಲಿ, ಕಾಡೆಂದೇ ಪರಿಗಣಿತವಾಗತಕ್ಕದ್ದೆಂದು ಆಜ್ಞಾಪಿಸಿತು. ಕಾಡನ್ನು ಉಳಿಸುವ ಸದುದ್ದೇಶದ ಆಜ್ಞೆಯದು. ಅದರಿಂದ ಅನೇಕ ಬೆಟ್ಟಗಳು ಉಳಿದಿವೆಯೆಂಬುದೂ ನಿಜ. ಆದರೆ ಮರವಿದ್ದ ಕಾರಣದಿಂದಲೇ ಕಾಡೆನಿಸಿದ ಸೊಪ್ಪಿನಬೆಟ್ಟದಲ್ಲಿ, ಆ ಮರವನ್ನು ಉಳಿಸಿದವರೇ ಈಗ ಅನುಮತಿಯನ್ನು ಬೇಡಬೇಕಾದ ಪರಿಸ್ಥಿತಿ ಬರುತ್ತಿದೆ. ಇವರಿಗಿಂತಲೂ ಕಠಿಣವಾದ ಸ್ಥಿತಿ ಶರಾವತಿಯ ಮುಳುಗಡೆಯವರದು. 1948ರಲ್ಲಿ ಹಿರೇಭಾಸ್ಕರದ ಅಣೆಕಟ್ಟೂ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟೂ ನೀರನ್ನು ನಿಲ್ಲಿಸಿದಾಗ, ನಾಡಿಗೆ ಬೆಳಕು ಬರಲೆಂದು ತಮ್ಮ ಗದ್ದೆ, ತೋಟ, ದೇವಸ್ಥಾನಗಳನ್ನು ನೀರಿಗೆ ಒಪ್ಪಿಸಿದ ಕುಟುಂಬಗಳನ್ನು ಸಾಗರ, ಹೊಸನಗರ, ತೀರ್ಥಹಳ್ಳಿ, ಶಿವಮೊಗ್ಗೆಗಳ ಕಾಡಿನ ಅಂಚಿಗೆ ತಂದು ಬಿಡಲಾಯಿತು. ಹಿನ್ನೀರು ಸುತ್ತುವರಿದ ತುಮರಿಯ ಕಡೆಯವರು 2025ರಲ್ಲಿ ಸೇತುವೆಯಾಗುವವರೆಗೂ ಲಾಂಚನ್ನು ಕಾದು ದಡ ಸೇರಬೇಕಾಗಿತ್ತು. ಕಾಡಿನ ಅಂಚಿಗೆ ಬಂದವರಲ್ಲಿ ಎಷ್ಟೋ ಮನೆಗಳವರಿಗೆ ತಾವು ಮೂರು ತಲೆಮಾರುಗಳಿಂದ ಉಳುತ್ತಿರುವ ನೆಲದ ಹಕ್ಕುಪತ್ರವು ಈ ದಿನಕ್ಕೂ ದೊರೆತಿಲ್ಲ. ಸರ್ಕಾರವೇ ಕರೆತಂದು ಕೂರಿಸಿದವರನ್ನು ಸರ್ಕಾರದ ಮತ್ತೊಂದು ಇಲಾಖೆಯು ಒತ್ತುವರಿದಾರರೆಂದು ಕರೆಯುವುದು ಯಾವ ಶಾಸ್ತ್ರದ ನ್ಯಾಯವೂ ಅಲ್ಲ, ಯಾವ ಆಚಾರದ ನ್ಯಾಯವೂ ಅಲ್ಲ.

ಹೊರಗುಳಿದ ಆಚಾರಗಳನ್ನು ಹೆಸರಿಸಿ ಒಳಗೆ ಕರೆದುಕೊಳ್ಳುವ ಬಾಗಿಲೊಂದನ್ನು 2006ರ ಅರಣ್ಯ ಹಕ್ಕುಗಳ ಅಧಿನಿಯಮವು ತೆರೆಯಿತು. ಜಮೀನಿಲ್ಲದವನಿಗೂ ಕಿರು ಅರಣ್ಯೋತ್ಪನ್ನದ ಹಕ್ಕನ್ನು, ಊರಿಗೆ ಸಾಮುದಾಯಿಕ ಹಕ್ಕನ್ನು ಅದು ಮಾನ್ಯ ಮಾಡುತ್ತದೆ. ಹಕ್ಕನ್ನು ನಿಶ್ಚಯಿಸುವ ಕಾರ್ಯವನ್ನು ಗ್ರಾಮಸಭೆಯಿಂದಲೇ ಆರಂಭಿಸುತ್ತದೆ. ಆದರೆ ಬುಡಕಟ್ಟುಗಳಿಗೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಎಂದರೆ ಎಪ್ಪತ್ತೈದು ವರ್ಷಗಳ, ವಾಸವನ್ನು ತೋರಿಸಬೇಕು. ಆ ಲೆಕ್ಕವು 1930ಕ್ಕೆ ಹೋಗಿ ಮುಟ್ಟುತ್ತದೆ. 1964ರಲ್ಲಿ ಊರು ಮುಳುಗಿ ಇಲ್ಲಿಗೆ ಬಂದವನು 1930ರ ಕಾಗದವನ್ನು ಎಲ್ಲಿಂದ ತಂದಾನು? ಅವನ ಊರಿನ ಶಾನುಭೋಗರ ಲೆಕ್ಕ, ಪಟೇಲರ ಚಾವಡಿ, ಮೇರೆಯ ಕಲ್ಲು ಎಲ್ಲವೂ ನೀರಿನ ಕೆಳಗಿವೆ. ಅದೇ ಶರಾವತಿಯ ಕಣಿವೆಯಲ್ಲಿ ಅವನ ಹಿರಿಯರು ಬಾಳಿದ ಕಾಲವನ್ನೂ ಈ ಎಪ್ಪತ್ತೈದು ವರ್ಷಗಳಲ್ಲಿ ಸೇರಿಸಿ ಎಣಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ಆ ಅಧಿನಿಯಮದ ನಿಯಮಗಳಲ್ಲಿಯೇ ಒಂದು ಆಧಾರವಿದೆ. ಅರ್ಜಿದಾರರಲ್ಲದ ಊರ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಆ ಹೇಳಿಕೆಯನ್ನೂ ಸಾಕ್ಷ್ಯವಾಗಿ ಸ್ವೀಕರಿಸತಕ್ಕದ್ದೆಂದು ಹದಿಮೂರನೆಯ ನಿಯಮವು ಹೇಳುತ್ತದೆ. ಮುಳುಗುವುದಕ್ಕೆ ಮುಂಚಿನ ಊರುಗಳನ್ನು ಕಣ್ಣಾರೆ ಕಂಡು, ಯಾವ ಕಾನಿನಲ್ಲಿ ಯಾರು ಮೆಣಸು ಕೊಯ್ಯುತ್ತಿದ್ದರು, ಯಾವ ಬೆಟ್ಟದ ಸೊಪ್ಪಿಗೆ ಯಾವ ಕೇರಿಯವರು ಹೋಗುತ್ತಿದ್ದರು ಎಂಬುದನ್ನು ಹೇಳಬಲ್ಲವರು ಈಗ ಎಂಬತ್ತು ತೊಂಬತ್ತರ ವಯಸ್ಸಿನವರು. ಅವರನ್ನು ಸಾಕ್ಷಿಗಳನ್ನಾಗಿ ಕೂರಿಸಿ, ಅವರ ಮಾತನ್ನು ಅವರದೇ ಮಾತಿನಲ್ಲಿ ಬರೆದುಕೊಂಡು, ಓದಿ ಹೇಳಿ, ಹೆಬ್ಬೆಟ್ಟನ್ನೋ ರುಜುವನ್ನೋ ಪಡೆದು, ನಡವಳಿಯ ಪುಸ್ತಕಕ್ಕೆ ಸೇರಿಸುವುದಕ್ಕೆ ಹೊಸ ಶಾಸನವೇನೂ ಬೇಕಾಗಿಲ್ಲ, ಬೆಂಗಳೂರಿನ ಆದೇಶವನ್ನು ಕಾಯಬೇಕಾಗಿಯೂ ಇಲ್ಲ. ಹೊಸನಗರ, ಸಾಗರ, ತೀರ್ಥಹಳ್ಳಿಗಳ ಗ್ರಾಮಸಭೆಗಳು ಮುಂದಿನ ಮಳೆಗಾಲಕ್ಕೆ ಮೊದಲೇ ಈ ಕೆಲಸವನ್ನು ಕೈಗೆತ್ತಿಕೊಳ್ಳಬಹುದು.